ಬೆಳಗಾವಿ ದೂರ, ಬೆಂಗಳೂರು ಇನ್ನೂ ದೂರ

2025ರ ಜೂನ್‌ನಲ್ಲಿ ಇಟಲಿಯ ಮಿಲಾನ್ ನಗರದ ಫ್ಯಾಷನ್ ಪ್ರದರ್ಶನದಲ್ಲಿ ಪ್ರಾಡಾ ಕಂಪನಿಯ ರೂಪದರ್ಶಿಗಳು ಹೆಬ್ಬೆರಳಿಗೆ ಉಂಗುರವಿರುವ ಚರ್ಮದ ಚಪ್ಪಲಿ ಮೆಟ್ಟಿ ನಡೆದರು. ಅದು ಎಲ್ಲಿಯ ಚಪ್ಪಲಿ, ಯಾರ ಕೈಕಸುಬು ಎಂದು ಕಂಪನಿ ಹೇಳಿರಲಿಲ್ಲ. ಗದ್ದಲ ಎದ್ದಿತು. ದೇಶದ ಪತ್ರಿಕೆಗಳು, ಟಿ.ವಿ. ಚಾನೆಲ್‌ಗಳೆಲ್ಲ ಕೊಲ್ಹಾಪುರದ ಕಡೆ ಓಡಿದವು. ಅಲ್ಲಿಯ ಕುಶಲಕರ್ಮಿಗಳು ಮಾತನಾಡಿದರು, ಅಲ್ಲಿಯ ಅಂಗಡಿಗಳ ಫೋಟೊ ಬಂದವು, ಮಹಾರಾಷ್ಟ್ರದ ವಾಣಿಜ್ಯ ಮಂಡಳಿಗೆ ಪ್ರಾಡಾ ಉತ್ತರವನ್ನೂ ಕೊಟ್ಟಿತು. ಆದರೆ ಈ ಚಪ್ಪಲಿಗೆ 2019ರಲ್ಲಿ ಸಿಕ್ಕ ಭೌಗೋಳಿಕ ಸೂಚಕದ ಮಾನ್ಯತೆ ಎಂಟು ಜಿಲ್ಲೆಗಳದು. ಕೊಲ್ಹಾಪುರ, ಸಾಂಗ್ಲಿ, ಸಾತಾರಾ, ಸೊಲ್ಲಾಪುರ ಒಂದು ಕಡೆ. ಬೆಳಗಾವಿ, ಧಾರವಾಡ, ಬಾಗಲಕೋಟೆ, ವಿಜಯಪುರ ಇನ್ನೊಂದು ಕಡೆ. ಅಥಣಿ, ನಿಪ್ಪಾಣಿ, ಚಿಕ್ಕೋಡಿ, ರಾಯಬಾಗ ತಾಲ್ಲೂಕುಗಳಲ್ಲಿ ತಲೆತಲಾಂತರದಿಂದ ತೊಗಲು ಹದ ಮಾಡಿ, ಹೊಲಿದು, ಹೆಣೆದು ಚಪ್ಪಲಿ ಕಟ್ಟುವ ಮನೆಗಳಿವೆ. ಇದನ್ನು ನೆನಪಿಸಲು ರಾಜ್ಯದ ಸಚಿವ ಪ್ರಿಯಾಂಕ್ ಖರ್ಗೆ ಅವರು ಬೆಂಗಳೂರಿನಿಂದ ಸಾಮಾಜಿಕ ಜಾಲತಾಣದಲ್ಲಿ ಈ ಊರುಗಳ ಹೆಸರು ಹೇಳಿ ಬರೆಯಬೇಕಾಯಿತು.

ಸಚಿವರು ಬರೆದದ್ದು ಒಳ್ಳೆಯದೇ. ಆದರೆ ಆ ಮಾತನ್ನು ಮೊದಲು ಹೇಳಬೇಕಾಗಿದ್ದವನು ಅಥಣಿಯ ವರದಿಗಾರ. ಚಪ್ಪಲಿಯ ಸುದ್ದಿ ಜಗತ್ತನ್ನೆಲ್ಲ ಸುತ್ತಿದ ಆ ವಾರ, ಚಪ್ಪಲಿ ಕಟ್ಟುವ ಊರಿನಿಂದ ಹೊರಟು ಜಗತ್ತನ್ನು ತಲುಪುವ ವರದಿಗೆ ದಾರಿ ಇರಲಿಲ್ಲ. ಆ ನಾಲ್ಕರ ಜೊತೆಗೆ ಪಕ್ಕದ ಕಾಗವಾಡವೂ ಸೇರಿ ಈ ಐದು ತಾಲ್ಲೂಕುಗಳ ಪತ್ರಿಕಾ ಸ್ವಾತಂತ್ರ್ಯದ ಪ್ರಶ್ನೆಯನ್ನು ನಾನು ಇಲ್ಲಿಂದಲೇ ಶುರು ಮಾಡುತ್ತೇನೆ. ಇಲ್ಲಿ ಪತ್ರಿಕೆಯನ್ನು ಯಾರೂ ನಿಷೇಧಿಸಿಲ್ಲ. ಮುದ್ರಣಾಲಯಕ್ಕೆ ಬೀಗ ಬಿದ್ದಿಲ್ಲ. ಹಾಗಿದ್ದೂ ಹೇಳಬೇಕಾದ್ದನ್ನು ಹೇಳುವವರು ವರ್ಷದಿಂದ ವರ್ಷಕ್ಕೆ ಕಡಿಮೆಯಾಗುತ್ತಿದ್ದಾರೆ.

ಮೊದಲು ನೆಲದ ಲೆಕ್ಕ. ಚಿಕ್ಕೋಡಿಯಿಂದ ಜಿಲ್ಲಾ ಕೇಂದ್ರ ಬೆಳಗಾವಿಗೆ 75 ಕಿ.ಮೀ. ಆಸುಪಾಸು. ಅಥಣಿಯಿಂದ ಸುಮಾರು 140. ಕಾಗವಾಡದಿಂದ ಮಿರಜಕ್ಕೆ 20 ಕಿ.ಮೀ. ಕೂಡ ಇಲ್ಲ, ನಿಪ್ಪಾಣಿಗೆ ಬೆಳಗಾವಿಗಿಂತ ಕೊಲ್ಹಾಪುರವೇ ಹತ್ತಿರ. ಆಸ್ಪತ್ರೆಗೆ ಮಿರಜ, ಸಂತೆಗೆ ಸಾಂಗ್ಲಿ, ಬೀಗತನಕ್ಕೆ ಇಚಲಕರಂಜಿ. ಬೆಳಗಿನ ಬಸ್ಸಿನಲ್ಲಿ ಕನ್ನಡ ಪತ್ರಿಕೆಗಳ ಜೊತೆಗೇ ಮರಾಠಿ ಪತ್ರಿಕೆಗಳ ಕೊಲ್ಹಾಪುರ, ಸಾಂಗ್ಲಿ ಆವೃತ್ತಿಗಳೂ ಇಳಿಯುತ್ತವೆ. ಶಿಕ್ಷಣ ಇಲಾಖೆಗೆ ಚಿಕ್ಕೋಡಿ ಒಂದು ಜಿಲ್ಲೆ, ಸಾರಿಗೆ ಸಂಸ್ಥೆಗೆ ಒಂದು ವಿಭಾಗ, ಲೋಕಸಭೆಗೆ ಒಂದು ಕ್ಷೇತ್ರ. ಕಂದಾಯಕ್ಕೆ ಮಾತ್ರ ಅಲ್ಲ. 1997ರಲ್ಲಿ ಜೆ.ಎಚ್. ಪಟೇಲರ ಸರ್ಕಾರ ಚಿಕ್ಕೋಡಿ, ಗೋಕಾಕ ಜಿಲ್ಲೆಗಳನ್ನು ಘೋಷಿಸಿ ಹಿಂದೆ ಸರಿದ ಮೇಲೆ ಆ ಬೇಡಿಕೆ ಪ್ರತಿ ಚುನಾವಣೆಯಲ್ಲೂ ಏಳುತ್ತದೆ, ಮಲಗುತ್ತದೆ. ನಿಪ್ಪಾಣಿ, ಕಾಗವಾಡಗಳು ತಾಲ್ಲೂಕಾದದ್ದೂ ತೀರಾ ಈಚೆಗೆ, 2018ರ ಹೊತ್ತಿಗೆ.

ಜಿಲ್ಲೆ ಇಲ್ಲದ ಕಡೆ ಜಿಲ್ಲಾ ವರದಿಗಾರನೂ ಇರುವುದಿಲ್ಲ. ದೊಡ್ಡ ಪತ್ರಿಕೆಗಳ ವ್ಯವಸ್ಥೆ ಕಂದಾಯ ಇಲಾಖೆಯ ನಕ್ಷೆಯಂತೆಯೇ ಇದೆ. ಸಂಬಳದ ವರದಿಗಾರ, ಛಾಯಾಗ್ರಾಹಕ, ಕಚೇರಿ ಎಲ್ಲ ಜಿಲ್ಲಾ ಕೇಂದ್ರದಲ್ಲಿ. ತಾಲ್ಲೂಕಿಗೆ ಅರೆಕಾಲಿಕ ಸುದ್ದಿಗಾರ. ಜಿಲ್ಲೆಯ ತಾಲ್ಲೂಕುಗಳೆಲ್ಲ ಬೆಳಗಾವಿ ಆವೃತ್ತಿಯ ಎರಡು ಮೂರು ಪುಟಗಳನ್ನು ಹಂಚಿಕೊಳ್ಳಬೇಕು. ಅದರಲ್ಲಿ ರಾಯಬಾಗದ ಪಾಲಿಗೆ ಬರುವುದು ಒಂದು ಕಾಲಮ್ಮು, ಕೆಲವು ದಿನ ಅದೂ ಇಲ್ಲ.

ಸುದ್ದಿ ಹತ್ತಿರದಿಂದ ಬಂದರೆ ಏನು ಫಾಯಿದೆ ಎಂದು ಕೇಳುವವರು ಮಳೆಗಾಲದಲ್ಲಿ ಒಮ್ಮೆ ಈ ಕಡೆ ಬರಬೇಕು. ಕೊಂಕಣದ ಘಟ್ಟದಲ್ಲಿ ಮಳೆ ಹಿಡಿದರೆ ಕೃಷ್ಣಾ, ದೂಧಗಂಗಾ, ವೇದಗಂಗಾ ಮೂರೂ ಒಟ್ಟಿಗೆ ಏರುತ್ತವೆ. ಆಗ ಬರುವ ಸುದ್ದಿಗೆ ಒಂದು ಕಟ್ಟುಪಾಡು ಇದೆ. ರಾಜಾಪುರ ಬ್ಯಾರೇಜಿನಿಂದ ಎಷ್ಟು ಕ್ಯುಸೆಕ್, ದೂಧಗಂಗೆಯಿಂದ ಎಷ್ಟು, ಕಲ್ಲೋಳದ ಬಳಿ ಕೃಷ್ಣೆಯ ಒಟ್ಟು ಹರಿವು ಎಷ್ಟು. ಕೊಯ್ನಾ ಜಲಾಶಯ ಎಷ್ಟು ತುಂಬಿದೆ. ಆಮೇಲೆ ಮುಳುಗಿದ ಸೇತುವೆಗಳ ಹೆಸರು: ಕಲ್ಲೋಳ–ಯಡೂರ, ಮಲಿಕವಾಡ–ದತ್ತವಾಡ, ಕಾರದಗಾ–ಭೋಜ, ಭೋಜವಾಡಿ–ಕುನ್ನೂರ, ಸಿದ್ನಾಳ–ಅಕ್ಕೋಳ, ಜತ್ರಾಟ–ಭೀವಶಿ. ಬೆಂಗಳೂರಿನ ಓದುಗನಿಗೆ ಇದು ಊರುಗಳ ಪಟ್ಟಿ. ಭೋಜದಲ್ಲಿ ಇರುವ ತಾಯಿಗೆ, ಕಾರದಗಾದ ಶಾಲೆಗೆ ಹೋಗುವ ಮಗುವಿಗೆ, ಹಾಲಿನ ಗಾಡಿಯವನಿಗೆ ಅದು ಆ ದಿನದ ಜೀವನ. 2005, 2019, 2021ರ ಮಹಾಪೂರಗಳಲ್ಲಿ ಈ ಸೇತುವೆಗಳಾಚೆ ಏನಾಗಿದೆ ಎಂದು ಹೊರಗಿನವರಿಗೆ ಗೊತ್ತಾದದ್ದು ಟ್ಯೂಬಿನ ಮೇಲೆ, ಬೋಟಿನಲ್ಲಿ, ಎದೆಮಟ್ಟದ ನೀರಿನಲ್ಲಿ ಹೋದ ತಾಲ್ಲೂಕು ವರದಿಗಾರರಿಂದ.

ನೀರು ಇಳಿದ ಮೇಲಿನ ಕೆಲಸ ಇನ್ನೂ ದೊಡ್ಡದು. 2019ರ ನೆರೆಯ ನಂತರ ಬಿದ್ದ ಮನೆಗಳನ್ನು ಎ, ಬಿ, ಸಿ ಎಂದು ವಿಂಗಡಿಸಿದರು. ‘ಎ’ಗೆ 5 ಲಕ್ಷ ರೂಪಾಯಿ, ‘ಸಿ’ಗೆ 50 ಸಾವಿರ. ಎಂಜಿನಿಯರು ಬರೆದ ಒಂದು ಅಕ್ಷರದಲ್ಲಿ ಒಂದು ಕುಟುಂಬದ ಮುಂದಿನ ಹತ್ತು ವರ್ಷ ಅಡಗಿತ್ತು. ಗೋಡೆ ಪೂರ್ತಿ ಕುಸಿದವರ ಹೆಸರು ‘ಸಿ’ಯಲ್ಲಿ, ಬಿರುಕೂ ಬಿಡದ ಮನೆಯ ಹೆಸರು ‘ಎ’ಯಲ್ಲಿ ಎಂಬ ದೂರು ನದಿತೀರದ ಊರೂರಲ್ಲಿ ಕೇಳಿಬಂತು. ಅದನ್ನು ಪರೀಕ್ಷಿಸಲು ವರದಿಗಾರ ಪಟ್ಟಿ ಕೈಯಲ್ಲಿ ಹಿಡಿದು ಓಣಿ ಓಣಿ ನಡೆಯಬೇಕು. ಬೆಳಗಾವಿಯಲ್ಲಿ ಕುಳಿತು ಪ್ರಕಟಣೆ ಓದಿದರೆ ಸಿಗುವ ಸುದ್ದಿ ಅಲ್ಲ ಇದು. ನಡೆಯುವವನಿಗೆ ಸಂಬಳ ಕೊಡುವವರಾರು ಎಂಬುದೇ ಎಲ್ಲದರ ಬುಡ.

ತಾಲ್ಲೂಕು ವರದಿಗಾರನ ಬದುಕನ್ನು ಹತ್ತಿರದಿಂದ ನೋಡಿದವರಿಗೆ ಈ ಕಥೆ ಗೊತ್ತು. ಗುರುತಿನ ಚೀಟಿ ಇರುತ್ತದೆ, ನೇಮಕದ ಪತ್ರ ಇರುವುದಿಲ್ಲ. ಬರುವ ಗೌರವಧನ ಹಲವರಿಗೆ ತಿಂಗಳ ಪೆಟ್ರೋಲಿಗೇ ಸಾಲದು. ಕೆಲವರಿಗೆ ಅದೂ ಇಲ್ಲ. ಆದ್ದರಿಂದ ಅವನು ಪತ್ರಿಕೆಯ ಏಜೆಂಟನೂ ಹೌದು, ಬೆಳಿಗ್ಗೆ ಐದಕ್ಕೆ ಬಂಡಲ್ ಬಿಚ್ಚುವವನೂ ಹೌದು, ಜಾಹೀರಾತು ತರುವವನೂ ಹೌದು. ಯುಗಾದಿ, ದೀಪಾವಳಿ, ಪತ್ರಿಕೆಯ ವಾರ್ಷಿಕೋತ್ಸವ, ನಾಯಕರ ಹುಟ್ಟುಹಬ್ಬ ಬಂತೆಂದರೆ ಕಚೇರಿಯಿಂದ ‘ಟಾರ್ಗೆಟ್’ ಬರುತ್ತದೆ. ಅವನ ನಿಜವಾದ ಗಳಿಕೆ ಆ ಜಾಹೀರಾತಿನ ಕಮಿಷನ್.

ಈ ಸೀಮೆಯಲ್ಲಿ ಜಾಹೀರಾತು ಕೊಡುವವರು ಯಾರು? ಸಕ್ಕರೆ ಕಾರ್ಖಾನೆ, ಸಹಕಾರಿ ಬ್ಯಾಂಕು, ಸೌಹಾರ್ದ ಸಂಘ, ಶಿಕ್ಷಣ ಸಂಸ್ಥೆ, ಗುತ್ತಿಗೆದಾರ, ಶಾಸಕ, ಶಾಸಕನಾಗಬಯಸುವವ. ಕೃಷ್ಣಾ ತೀರದ ರಾಜಕೀಯ ಬಲ್ಲವರಿಗೆ ಈ ಪಟ್ಟಿಯ ಹೆಸರುಗಳೆಲ್ಲ ಸುತ್ತಿ ಬಳಸಿ ಬೆರಳೆಣಿಕೆಯ ಮನೆತನಗಳಿಗೇ ಬರುತ್ತವೆ ಎಂದು ಗೊತ್ತು. ಉಗಾರದಲ್ಲಿ 1939ರಲ್ಲಿ ಖಾಸಗಿ ಕಾರ್ಖಾನೆ ಶುರುವಾಯಿತು. ಚಿಕ್ಕೋಡಿ, ನಿಪ್ಪಾಣಿ, ಅಥಣಿ, ರಾಯಬಾಗಗಳಲ್ಲಿ ರೈತರ ಷೇರಿನಿಂದ ಸಹಕಾರಿ ಕಾರ್ಖಾನೆಗಳು ಎದ್ದವು, ಆಮೇಲೆ ಖಾಸಗಿಯವು ಸಾಲಾಗಿ ಬಂದವು. ಕಾರ್ಖಾನೆಯ ಆಡಳಿತ ಮಂಡಳಿಯಿಂದ ವಿಧಾನಸಭೆಗೆ ಇಲ್ಲಿ ಒಂದೇ ಮೆಟ್ಟಿಲು. ಹೀಗಿರುವಾಗ ಕಬ್ಬಿನ ಬಿಲ್ಲು ಬಾಕಿ ಇದೆ ಎಂದು ಬರೆಯುವ ಕೈ ಮತ್ತು ಕಾರ್ಖಾನೆಯ ದೀಪಾವಳಿ ಶುಭಾಶಯದ ಅರ್ಧ ಪುಟ ಕೇಳಲು ಚಾಚುವ ಕೈ ಎರಡೂ ಒಬ್ಬನವೇ. ಕಣ ಕಾಯುವವನಿಗೆ ಕಾಳು ಕದಿಯುವವನ ಮನೆಯಲ್ಲೇ ಊಟ ಹಾಕಿಸಿದ ಹಾಗೆ. ಯಾರೂ ಅವನಿಗೆ ‘ಬರೀಬ್ಯಾಡ’ ಎನ್ನಬೇಕಾಗಿಲ್ಲ. ಅವನೇ ಬರೆಯುವುದಿಲ್ಲ. ಬರೆದರೂ ಡೆಸ್ಕಿನಲ್ಲಿ ಯಾರೋ ಒಬ್ಬರು ಕಾರ್ಖಾನೆಯ ಹೆಸರು ತೆಗೆದು ‘ಖಾಸಗಿ ಕಾರ್ಖಾನೆಯೊಂದು’ ಎಂದು ಮಾಡುತ್ತಾರೆ.

ಇದರಲ್ಲಿ ತಾಲ್ಲೂಕು ವರದಿಗಾರನನ್ನು ಮಾತ್ರ ದೂರುವುದು ಅನ್ಯಾಯ ಎಂದು ನನ್ನ ಗಟ್ಟಿ ನಂಬಿಕೆ. 1955ರ ಕಾರ್ಯನಿರತ ಪತ್ರಕರ್ತರ ಕಾಯ್ದೆಯಾಗಲಿ, 2011ರ ಮಜೀಠಿಯಾ ವೇತನ ಮಂಡಳಿಯ ಆದೇಶವಾಗಲಿ, ಅದನ್ನು ಎತ್ತಿಹಿಡಿದ 2014ರ ಸುಪ್ರೀಂ ಕೋರ್ಟ್ ತೀರ್ಪಾಗಲಿ ಇವನ ಬಾಗಿಲಿಗೆ ಬರಲಿಲ್ಲ. ಕಾಗದದಲ್ಲಿ ಇವನು ನೌಕರನೇ ಅಲ್ಲ. ಪತ್ರಿಕೆಗಳ ಒಡೆಯರಿಗೂ ಕಷ್ಟ ಇದೆ, ಒಪ್ಪೋಣ. ಭದ್ರಾವತಿಯ ಮೈಸೂರು ಕಾಗದ ಕಾರ್ಖಾನೆ 2015ರ ಹೊತ್ತಿಗೆ ನಿಂತಿತು. 2019ರಲ್ಲಿ ಆಮದು ನ್ಯೂಸ್‌ಪ್ರಿಂಟಿಗೆ ಶೇ 10ರಷ್ಟು ಸುಂಕ ಬಿತ್ತು, ಮರುವರ್ಷ ಅರ್ಧಕ್ಕಿಳಿಯಿತು. ಅಷ್ಟರಲ್ಲಿ ಕೋವಿಡ್ ಬಂತು. ಜಾಹೀರಾತು ನಿಂತವು, ಪುಟ ಇಳಿದವು, ಹಲವು ಕಚೇರಿಗಳಲ್ಲಿ ಅನುಭವಸ್ಥರು ಮನೆಗೆ ಹೋದರು. ಇಳಿದ ಪುಟಗಳಲ್ಲಿ ಬಹಳಷ್ಟು ಮತ್ತೆ ಏರಲೇ ಇಲ್ಲ. ಬೆಳಗಾವಿಯಿಂದಲೇ ಹೊರಡುವ ಕನ್ನಡದ ಪ್ರಾದೇಶಿಕ ದಿನಪತ್ರಿಕೆಗಳು ಸರ್ಕಾರಿ ಜಾಹೀರಾತಿನ ಬಿಲ್ಲಿಗೆ ತಿಂಗಳುಗಟ್ಟಲೆ ಕಾಯುತ್ತವೆ. ಸರ್ಕಾರದ ಬಿಲ್ಲಿಗೆ ಕಾಯುವ ಪತ್ರಿಕೆ ಸರ್ಕಾರಿ ಅಧಿಕಾರಿಯ ವಿರುದ್ಧ ಎಷ್ಟು ದಿನ ಬರೆದೀತು?

ಈ ಭಾಗದ ರೈತನಿಗೆ ಬೇಕಾದ ಸುದ್ದಿ ಎಂಥದ್ದು ಎಂಬುದಕ್ಕೆ ಒಂದು ಉದಾಹರಣೆ ಹೇಳುತ್ತೇನೆ. 2025–26ರ ಹಂಗಾಮಿಗೆ ಕೇಂದ್ರ ನಿಗದಿ ಮಾಡಿದ ಕಬ್ಬಿನ ಎಫ್‌ಆರ್‌ಪಿ (ನ್ಯಾಯಯುತ ಮತ್ತು ಲಾಭದಾಯಕ ಬೆಲೆ) ಕ್ವಿಂಟಲ್‌ಗೆ 355 ರೂಪಾಯಿ, ಅಂದರೆ ಟನ್ನಿಗೆ 3,550. ಕೇಳಲು ದೊಡ್ಡದು. ಆದರೆ ಅದು ಶೇ 10.25ರ ರಿಕವರಿಗೆ, ಅಂದರೆ ಕಬ್ಬಿನಿಂದ ಅಷ್ಟು ಸಕ್ಕರೆ ಬಂದರೆ, ಮತ್ತು ಕಟಾವು, ಸಾಗಾಣಿಕೆಯ ಖರ್ಚು ಅದರಲ್ಲೇ ಮುರಿಯುತ್ತದೆ. ರಿಕವರಿ ಎಷ್ಟೆಂದು ಹೇಳುವುದು ಕಾರ್ಖಾನೆ, ತೂಕ ಮಾಡುವುದು ಕಾರ್ಖಾನೆಯ ಕಾಟಾ, ಸಾಗಾಣಿಕೆಯ ಲೆಕ್ಕ ಬರೆಯುವುದೂ ಕಾರ್ಖಾನೆಯೇ. ಈ ಮೂರು ಅಂಕಿಗಳನ್ನು ಹೊರಗಿನವನೊಬ್ಬ ಪ್ರತಿ ವಾರ ಕೇಳಿ, ಪಕ್ಕದ ಕಾರ್ಖಾನೆಗೆ ಹೋಲಿಸಿ, ಪತ್ರಿಕೆಯಲ್ಲಿ ಹಾಕುತ್ತಿದ್ದರೆ ರೈತ ರಸ್ತೆಗೆ ಬರುವ ಮೊದಲೇ ಚರ್ಚೆ ಆಗುತ್ತಿತ್ತು. ಹಾಗೆ ಆಗದೆ 2025ರ ಅಕ್ಟೋಬರ್ ಕೊನೆಗೆ ಮೂಡಲಗಿ ತಾಲ್ಲೂಕಿನ ಗುರ್ಲಾಪುರ ಕ್ರಾಸಿನಲ್ಲಿ ರೈತರು ಕೂತರು. ಟನ್ನಿಗೆ 3,500 ಕೊಡಿ ಎಂಬ ಕೂಗು ಅಥಣಿ, ಚಿಕ್ಕೋಡಿ, ರಾಯಬಾಗಗಳಿಗೆ ಹಬ್ಬಿತು, ಹೆದ್ದಾರಿಗಳು ನಿಂತವು. ನವೆಂಬರ್ 7ರಂದು ಸರ್ಕಾರ 3,300 ರೂಪಾಯಿ ಎಂದು ತೀರ್ಮಾನಿಸಿತು. ಹೋರಾಟದ ಮೊದಲ ದಿನಗಳಲ್ಲಿ ಅಲ್ಲಿಯ ಜನ ಅದನ್ನು ನೋಡಿದ್ದು ಮೊಬೈಲಿನ ಲೈವ್‌ಗಳಲ್ಲಿ. ರಾಜಧಾನಿಯ ವಾಹಿನಿಗಳು ಬಂದದ್ದು ರಸ್ತೆ ತುಂಬಿದ ಮೇಲೆ.

ಇದು ಹಳೆಯ ಚಾಳಿ. 1981ರಲ್ಲಿ ನಿಪ್ಪಾಣಿಯ ತಂಬಾಕು ಬೆಳೆಗಾರರು ಶರದ್ ಜೋಶಿಯವರ ನೇತೃತ್ವದಲ್ಲಿ ಪುಣೆ–ಬೆಂಗಳೂರು ಹೆದ್ದಾರಿಯ ಮೇಲೆ ವಾರಗಟ್ಟಲೆ ಕೂತಿದ್ದರು. ಏಪ್ರಿಲ್ 6ರಂದು ಪೊಲೀಸರ ಗೋಲಿಬಾರಿನಲ್ಲಿ ಹನ್ನೆರಡು ರೈತರು ಸತ್ತರು. ಆಗ ನಿಪ್ಪಾಣಿ ದೇಶದ ಸುದ್ದಿಯಾಯಿತು. ಅದೇ ಊರಿನ ತಂಬಾಕಿನ ವಖಾರಿಗಳಲ್ಲಿ ಧೂಳು ಕುಡಿದು ದುಡಿದ ಹೆಣ್ಣುಮಕ್ಕಳು ಸಂಘ ಕಟ್ಟಿದ ಕಥೆಯನ್ನು 1982ರಲ್ಲಿ ಯುಗಾಂತರ್ ಎಂಬ ಮಹಿಳೆಯರ ಚಿತ್ರತಂಡ ಹೊರಗಿನಿಂದ ಬಂದು ಚಿತ್ರೀಕರಿಸಿತು. ಆ ಚಿತ್ರ ಇಲ್ಲದಿದ್ದರೆ ಆ ಹೆಣ್ಣುಮಕ್ಕಳ ಮುಖ ಇಂದು ಯಾವ ದಾಖಲೆಯಲ್ಲೂ ಸಿಗುವುದು ಕಷ್ಟವಿತ್ತು. 2013ರ ನವೆಂಬರ್‌ನಲ್ಲಿ ರಾಯಬಾಗ ತಾಲ್ಲೂಕಿನ ಕಂಕಣವಾಡಿಯ ಕಬ್ಬು ಬೆಳೆಗಾರರೊಬ್ಬರು ಅಧಿವೇಶನ ನಡೆದಿದ್ದಾಗ ಬೆಳಗಾವಿಯ ಸುವರ್ಣ ವಿಧಾನಸೌಧದ ಎದುರು ಪ್ರಾಣ ಬಿಟ್ಟರು. ಕಂಕಣವಾಡಿಯ ಹೆಸರು ಆಗ ಬೆಂಗಳೂರಿಗೆ ಕೇಳಿಸಿತು. ಸಾವಾದ ಮೇಲೆ ಬರುವ ಸುದ್ದಿಗೆ ನಾವು ಎಷ್ಟು ಒಗ್ಗಿಹೋಗಿದ್ದೇವೆ!

ಸಾವಿನ ಸುದ್ದಿಯಲ್ಲೂ ಹತ್ತಿರದ ಕಣ್ಣಿಗೂ ದೂರದ ಕಣ್ಣಿಗೂ ವ್ಯತ್ಯಾಸ ಉಂಟು. 2017ರ ಏಪ್ರಿಲ್‌ನಲ್ಲಿ ಅಥಣಿ ತಾಲ್ಲೂಕಿನ ಝುಂಜರವಾಡದಲ್ಲಿ ಆರು ವರ್ಷದ ಬಾಲಕಿ ತೆರೆದ ಕೊಳವೆಬಾವಿಗೆ ಬಿದ್ದಳು. ಎರಡು ದಿನಗಳಿಗೂ ಮೀರಿ ನಡೆದ ಕಾರ್ಯಾಚರಣೆಯ ಉದ್ದಕ್ಕೂ ಟಿ.ವಿ. ವಾಹಿನಿಗಳ ವಾಹನಗಳು ಹೊಲದಲ್ಲೇ ಬೀಡುಬಿಟ್ಟವು. ಮಗು ಉಳಿಯಲಿಲ್ಲ, ವಾಹನಗಳು ಹೊರಟವು. ಬತ್ತಿದ ಕೊಳವೆಬಾವಿ ಮುಚ್ಚಬೇಕೆಂದು ಸುಪ್ರೀಂ ಕೋರ್ಟ್ 2010ರಲ್ಲೇ ನಿಯಮ ಹೇಳಿತ್ತು. ಅಥಣಿ ತಾಲ್ಲೂಕಿನಲ್ಲಿ ಇನ್ನೆಷ್ಟು ಬಾಯಿ ತೆರೆದಿವೆ, ಯಾವ ಪಂಚಾಯಿತಿ ಲೆಕ್ಕ ಇಟ್ಟಿದೆ ಎಂಬುದು ಮರುವಾರದ, ಮರುತಿಂಗಳ ಸುದ್ದಿ. ಅದನ್ನು ಊರಲ್ಲೇ ಉಳಿಯುವ ವರದಿಗಾರ ಮಾತ್ರ ಮಾಡಬಲ್ಲ. 2023ರ ಜುಲೈನಲ್ಲಿ ಚಿಕ್ಕೋಡಿ ತಾಲ್ಲೂಕಿನ ಹಿರೇಕೋಡಿಯ ಜೈನಮುನಿ ಕಾಮಕುಮಾರ ನಂದಿ ಮಹಾರಾಜರ ಕೊಲೆಯಾದಾಗಲೂ ಹಾಗೇ. ಪೊಲೀಸರು ಹಣದ ವ್ಯವಹಾರ ಕಾರಣವೆಂದು ಹೇಳುತ್ತಿದ್ದರೆ, ದೂರದ ಸ್ಟುಡಿಯೊಗಳಲ್ಲಿ ತನಿಖೆ ಮುಗಿಯುವ ಮೊದಲೇ ಧರ್ಮದ ವಾದ ಬಿಸಿಯೇರಿತ್ತು. ಆಶ್ರಮದ ಸುತ್ತ ಬದುಕುವ ಊರವರ ಮಾತಿಗೆ ಆ ಚರ್ಚೆಗಳಲ್ಲಿ ಜಾಗ ಕಡಿಮೆ.

ಇತಿಹಾಸದ ಒಂದು ತುಣುಕನ್ನು ಇಲ್ಲಿ ಹೇಳಲೇಬೇಕು, ಏಕೆಂದರೆ ಅದು ನಿಪ್ಪಾಣಿಯ ನೆರೆಯದು. 1920ರ ಜನವರಿ 31ರಂದು ಅಂಬೇಡ್ಕರ್ ಮುಂಬಯಿಯಿಂದ ‘ಮೂಕನಾಯಕ’ ಪಾಕ್ಷಿಕ ಹೊರಡಿಸಿದರು. ಕೊಲ್ಹಾಪುರದ ಶಾಹೂ ಮಹಾರಾಜರು ಅದಕ್ಕೆ 2,500 ರೂಪಾಯಿ ನೆರವು ಕೊಟ್ಟರು. ಆ ಮಾರ್ಚಿನಲ್ಲಿ ಇಬ್ಬರೂ ಕೊಲ್ಹಾಪುರ ಸಂಸ್ಥಾನದ ಮಾಣಗಾಂವ ಪರಿಷತ್ತಿನಲ್ಲಿ ಒಂದೇ ವೇದಿಕೆಯಲ್ಲಿದ್ದರು. 1925ರ ಏಪ್ರಿಲ್‌ನಲ್ಲಿ ಅಂಬೇಡ್ಕರ್ ನಿಪ್ಪಾಣಿಗೇ ಬಂದು ಮುಂಬಯಿ ಪ್ರಾಂತ್ಯದ ದಲಿತರ ಸಮ್ಮೇಳನದ ಅಧ್ಯಕ್ಷತೆ ವಹಿಸಿದರು. ‘ಮೂಕನಾಯಕ’ ಮಾತ್ರ ಅಷ್ಟರಲ್ಲಿ ನಿಂತುಹೋಗಿತ್ತು, 1923ರಲ್ಲಿ. ಬ್ರಿಟಿಷರು ಅದನ್ನು ನಿಷೇಧಿಸಿರಲಿಲ್ಲ. ಹಣ ಇರಲಿಲ್ಲ, ಅಷ್ಟೆ. ಪತ್ರಿಕೆ ಶುರುವಾಗುವಾಗ ದುಡ್ಡು ಕೊಡುತ್ತೇವೆಂದರೂ ‘ಕೇಸರಿ’ ಅದರ ಜಾಹೀರಾತು ಹಾಕಿಕೊಳ್ಳಲು ಒಪ್ಪಿರಲಿಲ್ಲ. ಸಣ್ಣ ಪತ್ರಿಕೆಯ ಉಸಿರು ಯಾರ ಕೈಯಲ್ಲಿರುತ್ತದೆ ಎಂಬುದನ್ನು ಈ ಸೀಮೆಯ ಜನ ನೂರು ವರ್ಷದ ಹಿಂದೆಯೇ ಹತ್ತಿರದಿಂದ ನೋಡಿದ್ದಾರೆ.

ಕನ್ನಡದ ಕಡೆಗೂ ಹೀಗೇ. ‘ಸಂಯುಕ್ತ ಕರ್ನಾಟಕ’ 1929ರಲ್ಲಿ ಹುಟ್ಟಿದ್ದು ಬೆಳಗಾವಿಯಲ್ಲಿ. 1933ರಲ್ಲಿ ಹುಬ್ಬಳ್ಳಿಗೆ ಹೋಯಿತು. ಗೋಕಾಕ ತಾಲ್ಲೂಕಿನ ಮಲಾಮರಡಿಯ ಬಸವರಾಜ ಕಟ್ಟೀಮನಿ ಪತ್ರಕರ್ತರಾಗಿ ದುಡಿದು, ಪತ್ರಿಕಾ ಜಗತ್ತನ್ನೇ ವಸ್ತುವಾಗಿಸಿ ‘ಜ್ವಾಲಾಮುಖಿಯ ಮೇಲೆ’ ಕಾದಂಬರಿ ಬರೆದರು. 1980ರಲ್ಲಿ ಲಂಕೇಶರು ಜಾಹೀರಾತಿಲ್ಲದ ವಾರಪತ್ರಿಕೆ ತಂದಾಗ ಅದರ ಬಲ ಇದ್ದದ್ದು ಊರೂರಲ್ಲಿ ಸಿಟ್ಟಿಟ್ಟುಕೊಂಡು ಬರೆಯುವ ಮಾಸ್ತರರು, ವಕೀಲರು, ಹುಡುಗರಲ್ಲಿ. ಓದುಗ ಕೊಡುವ ದುಡ್ಡಿನಿಂದಲೇ ಪತ್ರಿಕೆ ನಡೆಯಬಲ್ಲುದು ಎಂದು ಕನ್ನಡದಲ್ಲಿ ತೋರಿಸಿದ ದೊಡ್ಡ ಪ್ರಯೋಗ ಅದು.

ಈಗ ಕಾನೂನಿನ ಕಡೆ ಬರೋಣ. ಸಂವಿಧಾನದ 19(1)(ಎ) ಅಥಣಿಗೂ ದೆಹಲಿಗೂ ಒಂದೇ. ಆದರೆ ಮಾನನಷ್ಟದ ಕ್ರಿಮಿನಲ್ ಮೊಕದ್ದಮೆ ಇಬ್ಬರಿಗೂ ಒಂದೇ ಅಲ್ಲ. 2016ರಲ್ಲಿ ಸುಪ್ರೀಂ ಕೋರ್ಟ್ ಕ್ರಿಮಿನಲ್ ಮಾನನಷ್ಟವನ್ನು ಎತ್ತಿಹಿಡಿಯಿತು. ಹೊಸ ನ್ಯಾಯ ಸಂಹಿತೆಯಲ್ಲೂ ಅದು 356ನೇ ಕಲಮಾಗಿ ಉಳಿದಿದೆ, ಎರಡು ವರ್ಷದವರೆಗೆ ಸಜೆ. ದೊಡ್ಡ ಪತ್ರಿಕೆಗೆ ವಕೀಲರ ದಂಡು ಇದೆ. ತಾಲ್ಲೂಕು ಸುದ್ದಿಗಾರನಿಗೆ ಪ್ರತಿ ತಾರೀಕಿಗೂ ಒಂದು ದಿನದ ದುಡಿಮೆ ಹೋಗುತ್ತದೆ. ಕೇಸು ಗೆಲ್ಲಬೇಕೆಂದು ಹಾಕುವುದಿಲ್ಲ, ಅಲೆಸಬೇಕೆಂದು ಹಾಕುತ್ತಾರೆ. 2017ರ ಜೂನ್‌ನಲ್ಲಿ ಕರ್ನಾಟಕ ವಿಧಾನಸಭೆ ಹಕ್ಕುಚ್ಯುತಿಯ ಹೆಸರಿನಲ್ಲಿ ಇಬ್ಬರು ಸಂಪಾದಕರಿಗೆ ಒಂದು ವರ್ಷ ಜೈಲು, 10 ಸಾವಿರ ರೂಪಾಯಿ ದಂಡ ವಿಧಿಸಿತು. ‘ಹಾಯ್ ಬೆಂಗಳೂರು’ ಪತ್ರಿಕೆಯ ರವಿ ಬೆಳಗೆರೆ ಅವರ ಹೆಸರು ಎಲ್ಲರಿಗೂ ನೆನಪಿದೆ. ಇನ್ನೊಬ್ಬರು ‘ಯಲಹಂಕ ವಾಯ್ಸ್’ ಎಂಬ ಸ್ಥಳೀಯ ಪತ್ರಿಕೆಯವರು ಎಂಬುದು ಬಹಳ ಜನಕ್ಕೆ ಮರೆತಿದೆ. 2021ರ ಮಾರ್ಚಿನಲ್ಲಿ ಆರು ಸಚಿವರು ಬೆಂಗಳೂರಿನ ಸಿವಿಲ್ ಕೋರ್ಟಿನಿಂದ 68 ಮಾಧ್ಯಮಗಳ ವಿರುದ್ಧ ತಡೆಯಾಜ್ಞೆ ತಂದರು, ಸುದ್ದಿ ಬರುವ ಮೊದಲೇ. 2025ರ ಜುಲೈನಲ್ಲಿ ಧರ್ಮಸ್ಥಳದ ಪ್ರಕರಣದಲ್ಲಿ ಎಂಟು ಸಾವಿರಕ್ಕೂ ಮಿಕ್ಕಿದ ಲಿಂಕುಗಳನ್ನು ತೆಗೆಯಬೇಕೆಂಬ ಆದೇಶ ಬಂತು. ‘ಕುಡ್ಲ ರ‍್ಯಾಂಪೇಜ್’ ಎಂಬ ಸ್ಥಳೀಯ ಯೂಟ್ಯೂಬ್ ವಾಹಿನಿ ಹೈಕೋರ್ಟಿಗೆ ಹೋಯಿತು. ಆಗಸ್ಟ್ 1ರಂದು ಆ ವಾಹಿನಿಯ ಮಟ್ಟಿಗೆ ಆದೇಶ ರದ್ದಾಯಿತು. ಸಣ್ಣವರೂ ಗೆಲ್ಲಬಹುದು ಎಂಬುದಕ್ಕೆ ಇದು ಸಾಕ್ಷಿ. ಆದರೆ ಕಾಗವಾಡದ ಹುಡುಗನೊಬ್ಬ ಧಾರವಾಡದ ಹೈಕೋರ್ಟ್ ಪೀಠಕ್ಕೆ ಹೋಗಿ ವಕೀಲರನ್ನು ಹಿಡಿಯುವ ಖರ್ಚನ್ನು ಯಾರು ಭರಿಸುತ್ತಾರೆ?

ಮಾಹಿತಿ ಹಕ್ಕು ಕಾಯ್ದೆ ತಾಲ್ಲೂಕು ವರದಿಗಾರನ ಕೈಯಲ್ಲಿದ್ದ ಒಂದೇ ಆಯುಧ. 10 ರೂಪಾಯಿ ಶುಲ್ಕ ಕಟ್ಟಿ ಉದ್ಯೋಗ ಖಾತ್ರಿಯ ಹಾಜರಿ, ಮನೆ ಹಂಚಿಕೆಯ ಪಟ್ಟಿ, ನೆರೆ ಪರಿಹಾರದ ಫಲಾನುಭವಿಗಳ ಹೆಸರು ಕೇಳಬಹುದಿತ್ತು. 2025ರ ನವೆಂಬರ್‌ನಲ್ಲಿ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ ಕಲಮುಗಳು ಜಾರಿಗೆ ಬಂದು, ಮಾಹಿತಿ ಹಕ್ಕಿನ 8(1)(ಜೆ) ಕಲಮು ಬದಲಾಯಿತು. ‘ಇದು ವೈಯಕ್ತಿಕ ಮಾಹಿತಿ’ ಎಂಬ ಒಂದೇ ಸಾಲಿನ ಹಿಂಬರಹ ಈಗ ಅಧಿಕಾರಿಗೆ ಸಲೀಸು. ಫಲಾನುಭವಿಯ ಹೆಸರೇ ಇಲ್ಲದ ಪಟ್ಟಿ ಹಿಡಿದು ‘ಎ’ ಮನೆ ಯಾವುದು, ‘ಸಿ’ ಮನೆ ಯಾವುದು ಎಂದು ಹುಡುಕುವುದು ಹೇಗೆ? ಹಳ್ಳಿಯ ಪತ್ರಿಕೋದ್ಯಮಕ್ಕೆ ಬಿದ್ದ ಇಷ್ಟು ದೊಡ್ಡ ಏಟಿನ ಬಗ್ಗೆ ನಮ್ಮ ಕಡೆ ನಡೆದ ಚರ್ಚೆ ಬಹಳ ಕಡಿಮೆ.

ಜೀವದ ಮಾತೂ ಇದೆ. 2025ರ ಜನವರಿಯಲ್ಲಿ ಛತ್ತೀಸಗಢದ ಬಿಜಾಪುರದಲ್ಲಿ ಮುಕೇಶ್ ಚಂದ್ರಾಕರ್ ಎಂಬ ಯುವ ಪತ್ರಕರ್ತನ ಶವ ಗುತ್ತಿಗೆದಾರನೊಬ್ಬನ ಆವರಣದ ಶೌಚಗುಂಡಿಯಲ್ಲಿ ಸಿಕ್ಕಿತು. ರಸ್ತೆ ಕಾಮಗಾರಿಯ ಭ್ರಷ್ಟಾಚಾರ ಬಯಲಾಗಲು ಅವನು ಕಾರಣನಾಗಿದ್ದ. ‘ಬಸ್ತರ್ ಜಂಕ್ಷನ್’ ಎಂಬ ಸ್ವಂತ ಯೂಟ್ಯೂಬ್ ವಾಹಿನಿ ನಡೆಸುತ್ತಿದ್ದ. ಕೃಷ್ಣಾ ತೀರ ಬಸ್ತರ್ ಅಲ್ಲ, ನಿಜ. ಆದರೂ ಮರಳು, ರಸ್ತೆ, ಕೆರೆ ಹೂಳಿನ ಗುತ್ತಿಗೆಗಳ ಬಗ್ಗೆ ಬರೆಯುವವರಿಗೆ ರಾತ್ರಿ ಬರುವ ಫೋನಿನ ಧಾಟಿ ಎಲ್ಲ ಕಡೆ ಒಂದೇ. 2025ರ ಜಾಗತಿಕ ಪತ್ರಿಕಾ ಸ್ವಾತಂತ್ರ್ಯದ ಪಟ್ಟಿಯಲ್ಲಿ 180 ದೇಶಗಳ ನಡುವೆ ಭಾರತಕ್ಕೆ ಸಿಕ್ಕ ಸ್ಥಾನ 151.

ಮೊಬೈಲು ಬಂದು ಈ ಕೊರತೆ ತುಂಬಿತಲ್ಲ ಎನ್ನುವವರಿದ್ದಾರೆ. ಅರ್ಧ ಸತ್ಯ. ಇವತ್ತು ಚಿಕ್ಕೋಡಿಯಲ್ಲಿ ಹತ್ತು ನಿಮಿಷದ ಹಿಂದೆ ಆದ ಅಪಘಾತ ವಾಟ್ಸ್‌ಆ್ಯಪಿನಲ್ಲಿ ಬಂದಿರುತ್ತದೆ. ನದಿ ನೀರಿನ ಮಟ್ಟ, ಬಸ್ಸು ಬಂದ್, ಜಾತ್ರೆಯ ಲೈವ್ ಎಲ್ಲ ಸಿಗುತ್ತವೆ. ಕೆಲವು ತರುಣರು ಮೈಕು ಹಿಡಿದು ಪಂಚಾಯಿತಿ ಅಧಿಕಾರಿಯನ್ನು ನೇರ ಪ್ರಶ್ನಿಸುತ್ತಾರೆ, ಅವರ ಧೈರ್ಯಕ್ಕೆ ನನ್ನ ಗೌರವವಿದೆ. ಆದರೆ ಅವರಿಗೂ ಹಣ ಬರುವುದು ಅದೇ ಹುಟ್ಟುಹಬ್ಬದ ಶುಭಾಶಯಗಳಿಂದ. ಇನ್ನೊಂದು ಕಹಿ ಮಾತನ್ನೂ ಹೇಳಬೇಕು: ‘ಪ್ರೆಸ್’ ಎಂದು ಬೈಕಿಗೆ ಬರೆಸಿಕೊಂಡು ಅಂಗಡಿಕಾರರನ್ನು, ಅಂಗನವಾಡಿಯ ಹೆಣ್ಣುಮಕ್ಕಳನ್ನು, ಪಡಿತರ ಅಂಗಡಿಯವರನ್ನು ಹೆದರಿಸಿ ದುಡ್ಡು ಕೀಳುವವರು ಈ ತಾಲ್ಲೂಕುಗಳಲ್ಲೂ ಇದ್ದಾರೆ. ಇವರಿಂದ ನಿಜವಾದ ವರದಿಗಾರನ ಮರ್ಯಾದೆ ಹೋಗಿದೆ. ಅಧಿಕಾರಿಗಳಿಗೂ ಇದು ಅನುಕೂಲವೇ. ಪ್ರಶ್ನೆ ಕೇಳುವ ಯಾರನ್ನಾದರೂ ‘ಇವನೂ ಅಂಥವನೇ’ ಎಂದು ಒಂದೇ ಮಾತಿನಲ್ಲಿ ತಳ್ಳಿಹಾಕಬಹುದು.

ನೋಡುವವರಿಲ್ಲದ ಊರಿಗೆ ಏನಾಗುತ್ತದೆ? ಅಮೆರಿಕದ ಲಾಸ್ ಏಂಜಲೀಸ್ ಪಕ್ಕದಲ್ಲಿ ಬೆಲ್ ಎಂಬ ಬಡ ಕಾರ್ಮಿಕರ ಪುಟ್ಟ ನಗರವಿದೆ. ಅಲ್ಲಿಯ ಸ್ಥಳೀಯ ಪತ್ರಿಕೆ ಮುಚ್ಚಿ ವರ್ಷಗಳಾಗಿದ್ದವು. ನಗರಸಭೆಯ ಸಭೆಗೆ ಕೂರುವ ವರದಿಗಾರ ಇರಲಿಲ್ಲ. 2010ರಲ್ಲಿ ‘ಲಾಸ್ ಏಂಜಲೀಸ್ ಟೈಮ್ಸ್’ ತಡವಾಗಿ ಕಣ್ಣು ಹಾಯಿಸಿದಾಗ, ನಗರದ ಆಡಳಿತಾಧಿಕಾರಿ ವರ್ಷಕ್ಕೆ 7.87 ಲಕ್ಷ ಡಾಲರ್ ಸಂಬಳ ಬರೆದುಕೊಂಡಿದ್ದು ಹೊರಬಿತ್ತು. ಅವನು ಜೈಲಿಗೆ ಹೋದ. ನಮ್ಮ ಪುರಸಭೆಗಳ ಸಾಮಾನ್ಯ ಸಭೆಗೆ ಕೊನೆಯವರೆಗೂ ಕೂತು, ಟೆಂಡರಿನ ಮೊತ್ತ ಬರೆದುಕೊಂಡು, ಮರುದಿನ ಹಾಕುವ ವರದಿಗಾರರು ಈಗ ಎಷ್ಟು ಮಂದಿ? ಸಭೆ ಮುಗಿದ ಮೇಲೆ ಬರುವ ಪ್ರೆಸ್‌ನೋಟು ಮತ್ತು ಗ್ರೂಪ್ ಫೋಟೊ ಸಾಕಾಗಿದೆ.

ದಾರಿ ಇಲ್ಲವೆಂದಲ್ಲ. ಉತ್ತರ ಪ್ರದೇಶದ ಚಿತ್ರಕೂಟದಲ್ಲಿ 2002ರಲ್ಲಿ ದಲಿತ, ಹಿಂದುಳಿದ ಹೆಣ್ಣುಮಕ್ಕಳು ಶುರುಮಾಡಿದ ‘ಖಬರ್ ಲಹರಿಯಾ’ ಕಾಗದದಿಂದ ಮೊಬೈಲಿಗೆ ಬಂದು ಇಂದಿಗೂ ನಡೆದಿದೆ. ಅವರಿಗಿಂತ ಚಿಕ್ಕೋಡಿ ಸೀಮೆ ಶ್ರೀಮಂತ. ಸಾವಿರಾರು ಷೇರುದಾರರು ಸೇರಿ ಸಕ್ಕರೆ ಕಾರ್ಖಾನೆ ಕಟ್ಟಿದ ನೆಲ ಇದು. ಹಾಲಿಗೆ ಸಂಘ, ಸಾಲಕ್ಕೆ ಸಂಘ, ಗೊಬ್ಬರಕ್ಕೆ ಸಂಘ ಕಟ್ಟಿದ ಜನ ಓದುಗರದೇ ಷೇರಿನಿಂದ, ಯಾವ ರಾಜಕಾರಣಿಯೂ ನಿರ್ದೇಶಕನಾಗದ ನಿಯಮ ಹಾಕಿ, ಐದು ತಾಲ್ಲೂಕಿಗೊಂದು ಪತ್ರಿಕೆ ಕಟ್ಟಲಾರರೆ? ಇದು ಸುಲಭವೆಂದು ನಾನು ಹೇಳುವುದಿಲ್ಲ. ಸಹಕಾರ ಸಂಘಗಳು ಯಾರ ಕೈಗೆ ಹೋದವು ಎಂಬುದನ್ನು ಇಲ್ಲಿಯ ರೈತರಷ್ಟು ಬಲ್ಲವರು ಬೇರೆ ಇಲ್ಲ. ಆದರೂ ಪ್ರಯತ್ನಿಸಬೇಕಾದ ದಾರಿ ಅದೇ ಎಂದು ನನಗೆ ಅನ್ನಿಸುತ್ತದೆ.

ಅಷ್ಟು ದೊಡ್ಡದು ಆಗುವವರೆಗೆ ಮಾಡಬಹುದಾದ ಸಣ್ಣ ಕೆಲಸಗಳಿವೆ. ದೊಡ್ಡ ಪತ್ರಿಕೆಗಳು ತಾಲ್ಲೂಕು ವರದಿಗಾರನಿಗೆ ನೇಮಕದ ಪತ್ರ, ಮಾಸಿಕ ಸಂಬಳ ಕೊಡಲಿ, ಜಾಹೀರಾತಿನ ಚೀಲವನ್ನು ಅವನ ಹೆಗಲಿನಿಂದ ಇಳಿಸಲಿ. 1932ರಲ್ಲಿ ಡಿ.ವಿ. ಗುಂಡಪ್ಪನವರ ಮುಂದಾಳತ್ವದಲ್ಲಿ ಹುಟ್ಟಿದ ಕಾರ್ಯನಿರತ ಪತ್ರಕರ್ತರ ಸಂಘ ಬಸ್ ಪಾಸಿನ ಜೊತೆಗೆ ವಕೀಲರ ನೆರವಿನ ನಿಧಿಯನ್ನೂ ತಾಲ್ಲೂಕು ಮಟ್ಟಕ್ಕೆ ತರಲಿ. ಇನ್ನು ಓದುಗರು. ನೀವು ನಿಪ್ಪಾಣಿಯವರೋ ಕಾಗವಾಡದವರೋ ಆಗಿದ್ದರೆ, ನಿಮ್ಮೂರಿನ ಬಗ್ಗೆ ನೇರವಾಗಿ ಬರೆಯುವ ಒಂದು ಪತ್ರಿಕೆಗೆ, ಒಂದು ವಾಹಿನಿಗೆ ಚಂದಾ ಕಟ್ಟಿ. ಅವರು ಕಬ್ಬಿನ ತೂಕದ ಬಗ್ಗೆ ಬರೆದ ದಿನ ಫೋನ್ ಮಾಡಿ ಸರಿಯಾಗಿ ಬರೆದಿರಿ ಎಂದು ಹೇಳಿ. ಆ ಬರಹಕ್ಕಾಗಿ ಅವರ ಮೇಲೆ ಮೊಕದ್ದಮೆ ಬಿದ್ದರೆ ಮೊದಲ ತಾರೀಕಿನಂದು ನಾಲ್ಕು ಜನರನ್ನು ಕರೆದುಕೊಂಡು ಕೋರ್ಟಿಗೆ ಹೋಗಿ, ಅವರ ಪಕ್ಕದಲ್ಲಿ ನಿಲ್ಲಿ.